ಆ ಲೇಖಕಿ ಗೆಳತಿಯನ್ನು ಒಂದು ಮಾತು ಕೇಳಬೇಕಿತ್ತು

ಕಾದಂಬರಿಯ ನಾಯಕಿ ಲೇಖಕಿ ಎಂದು ಗೊತ್ತಾದ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ. ಕಸುಬಿನ ದೋಷ. ಕೊಪ್ಪಳದಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶ್ರದ್ಧಾಂಜಲಿಯ ಬ್ಯಾನರು, ಬಿ.ಎಡ್. ವಿದ್ಯಾರ್ಥಿಗಳ ಪಾಠಯೋಜನೆ, ಇವು ಹೊಟ್ಟೆಗೆ. ನಡುನಡುವೆ ಪುಸ್ತಕಗಳೂ ಬರುತ್ತವೆ. ಜಿಲ್ಲೆಯ ಕವಿಗಳು, ನಿವೃತ್ತ ಮಾಸ್ತರರು, ಪಿಎಚ್.ಡಿ. ಮುಗಿಸಿದ ಉಪನ್ಯಾಸಕರು ಕೈಬರಹದ ಕಟ್ಟು ಹಿಡಿದು ಬರುತ್ತಾರೆ. ನಾನು ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ, ಪುಟ ಕಟ್ಟಿ, ಕರಡು ತೆಗೆದು ಕೊಡುತ್ತೇನೆ. ಮುನ್ನುಡಿ ಬರೆಯಬೇಕಾದ ದೊಡ್ಡವರು ತಿಂಗಳುಗಟ್ಟಲೆ ತಡಮಾಡಿದಾಗ ಲೇಖಕರ ಮುಖ ಹೇಗಿರುತ್ತದೆ, ಅಚ್ಚಾದ ಪ್ರತಿಗಳು ಮಾರಾಟವಾಗದೆ ಅಟ್ಟ ಸೇರಿದಾಗ ಹೇಗಿರುತ್ತದೆ, ಎರಡನ್ನೂ ನೋಡಿದ್ದೇನೆ. ಹೀಗಾಗಿ ಒಬ್ಬ ಲೇಖಕಿ ಸಮುದ್ರ ಕಾಣುವ ಕಿಟಕಿಯ ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, ಪ್ರಕಾಶಕರು ಕೊಟ್ಟ ಮುಂಗಡ ಹಣವನ್ನು ಖರ್ಚು ಮಾಡುತ್ತ, ಬರೆಯಲಾಗುತ್ತಿಲ್ಲವೆಂದು ನಿಟ್ಟುಸಿರು ಬಿಡುತ್ತಿದ್ದರೆ ನನಗೆ ಕರುಣೆ ತಕ್ಷಣಕ್ಕೆ ಹುಟ್ಟುವುದಿಲ್ಲ. ಮುಂಗಡ! ನಮ್ಮ ಕಡೆಯ ಲೇಖಕರು ಮುಂಗಡ ಕೊಡುವುದು ನನಗೆ.

ಈಚೆಗೆ ಅಂಥ ಲೇಖಕಿಯೇ ನಾಯಕಿಯಾಗಿರುವ ಒಂದು ಇಂಗ್ಲಿಷ್ ಕಾದಂಬರಿ ಓದಿದೆ. ಅದನ್ನು ಕಳುಹಿಸಿದವಳು ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು. ಮೊಬೈಲಿಗೆ ಇ-ಪುಸ್ತಕ ಬಂತು, ಜೊತೆಗೆ ಒಂದೇ ಸಾಲು: ‘ದೊಡ್ಡಮ್ಮ, ನಿಮಗೆ ಇಷ್ಟವಾಗಬಹುದು.’ ಇಬ್ಬರು ಹೆಂಗಸರ ಪ್ರೇಮಕಥೆ ನನಗೆ ಏಕೆ ಇಷ್ಟವಾಗಬಹುದು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಮನೆಗೆ ಬಂದು ನಾಲ್ಕು ದಿನ ಉಳಿದು ಹೋಗುವ ಹುಡುಗಿ, ಅವಳಿಗೂ ಕಣ್ಣಿದೆ.

ಪುಸ್ತಕದ ಹೆಸರನ್ನು ಮಾತ್ರ ಬರೆಯುವುದಿಲ್ಲ. ಕೊನೆಯ ಅಧ್ಯಾಯದ ಗುಟ್ಟು ಒಡೆಯುವವಳಿದ್ದೇನೆ, ಓದಬೇಕೆಂದಿರುವವರು ಬೈಯುವುದು ಬೇಡ. ಹಾಗೆ ನೋಡಿದರೆ ಈ ಬಗೆಯ ಕಾದಂಬರಿಗಳಲ್ಲಿ ಗುಟ್ಟೆಂಬುದೇ ಕಡಿಮೆ. ‘ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ’ ಎಂಬ ಲೇಖಕರ ಸಂಘ ಪ್ರಣಯ ಕಾದಂಬರಿಗೆ ಎರಡೇ ಲಕ್ಷಣ ಹೇಳುತ್ತದೆ: ಕಥೆಯ ನಡುಮಧ್ಯೆ ಪ್ರೇಮವಿರಬೇಕು, ಕೊನೆ ಓದುವವರ ಮನಸ್ಸು ತುಂಬುವಂತೆ, ಆಸೆ ಹುಟ್ಟಿಸುವಂತೆ ಇರಬೇಕು. ಅಂದರೆ ಕೊನೆಗೆ ಕೂಡಿಯೇ ಕೂಡುತ್ತಾರೆ. ಉಳಿದಿರುವುದು ಹೇಗೆ ಕೂಡುತ್ತಾರೆ ಎಂಬುದಷ್ಟೆ. ಶತ್ರುಗಳು ಪ್ರೇಮಿಗಳಾಗುವುದು ಒಂದು ದಾರಿ, ಸುಳ್ಳು ಮದುವೆ ನಿಜವಾಗುವುದು ಇನ್ನೊಂದು, ಗೆಳೆತನ ಪ್ರೇಮಕ್ಕೆ ತಿರುಗುವುದು ಮತ್ತೊಂದು. ಇದು ಈ ಮೂರನೆಯ ಬಗೆಯದು.

ಕಥೆ ಇಷ್ಟು. ಇಂಗ್ಲೆಂಡಿನ ಕಡಲತೀರದ ಒಂದು ಸಣ್ಣ ಊರು. ಅಲ್ಲಿ ಒಬ್ಬಳು ಪಶುವೈದ್ಯೆ. ಅವಳ ಕಾಲೇಜಿನ ಗೆಳತಿ ಒಂದು ಕಾದಂಬರಿ ಬರೆದು ಹೆಸರು ಮಾಡಿದ್ದಾಳೆ, ಎರಡನೆಯದು ಬರುತ್ತಿಲ್ಲ. ಲಂಡನ್ನಿನ ಬಾಡಿಗೆ ಕಟ್ಟಲಾಗದೆ ಗೆಳತಿಯ ಮನೆಯ ಮಹಡಿಯ ಕೋಣೆಗೆ ಬಂದು ಸೇರುತ್ತಾಳೆ. ಇಬ್ಬರಿಗೂ ಒಳಗೊಳಗೇ ಪ್ರೀತಿ, ಇಬ್ಬರಿಗೂ ಹೇಳಲು ಹೆದರಿಕೆ, ಹೇಳಿದರೆ ಇರುವ ಗೆಳೆತನವೂ ಕೈತಪ್ಪಬಹುದು. ಆಮೇಲೆ ಲೇಖಕಿಗೆ ಬರವಣಿಗೆ ಬರತೊಡಗುತ್ತದೆ. ಏನು ಬರೆಯುತ್ತಿದ್ದಾಳೆಂದರೆ, ಪಶುವೈದ್ಯೆಯನ್ನೇ.

ಮೊದಲು ನಗು ಬಂದ ಜಾಗದ ಬಗ್ಗೆ ಹೇಳಿಬಿಡುತ್ತೇನೆ. ಕಥೆಯ ಅರ್ಧದಲ್ಲಿ ಬಿರುಗಾಳಿ ಮಳೆ, ರಸ್ತೆ ಬಂದ್, ಇಬ್ಬರೂ ಒಂದು ಲಾಡ್ಜಿನಲ್ಲಿ ಉಳಿಯಬೇಕಾಗುತ್ತದೆ. ಅಲ್ಲಿ ಖಾಲಿ ಇರುವುದು ಒಂದೇ ಕೋಣೆ, ಕೋಣೆಯಲ್ಲಿ ಒಂದೇ ಮಂಚ. ಈ ಮಂಚದ ಸುತ್ತ ಒಂದು ಇಡೀ ಅಧ್ಯಾಯ. ಯಾರು ಯಾವ ಕಡೆ ಮಲಗಬೇಕು, ನಡುವೆ ದಿಂಬು ಇಡಬೇಕೆ, ರಾತ್ರಿ ಎರಡು ಗಂಟೆಗೆ ಒಬ್ಬಳ ಕೈ ಇನ್ನೊಬ್ಬಳ ಮೊಣಕೈಗೆ ತಾಗುತ್ತದೆ, ಉಸಿರು ನಿಲ್ಲುತ್ತದೆ. ನಾನು ಬೆಳೆದ ಮನೆಯಲ್ಲಿ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಾಲಾಗಿ ಹಾಸಿಗೆ ಬೀಳುತ್ತಿದ್ದವು. ಯಾರ ಕಾಲು ಯಾರ ಮೇಲೆ ಎಂದು ಲೆಕ್ಕವೇ ಇರುತ್ತಿರಲಿಲ್ಲ. ನಮ್ಮ ಕಡೆ ಹುಡುಗಿಯರು ಕೈ ಕೈ ಹಿಡಿದು ಗವಿಮಠದ ಜಾತ್ರೆಯಲ್ಲಿ ತಿರುಗುತ್ತಾರೆ, ಹುಡುಗರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಕಾಲೇಜಿಗೆ ಹೋಗುತ್ತಾರೆ, ಒಂದೇ ತಟ್ಟೆಯಲ್ಲಿ ಒಗ್ಗರಣೆ ಮಿರ್ಚಿ ತಿನ್ನುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಅದೇ ಹುಡುಗ ಹುಡುಗಿಯ ಕೈ ಹಿಡಿದು ನಡೆದು ನೋಡಲಿ, ಸಂಜೆಯೊಳಗೆ ಸುದ್ದಿ ಪಕ್ಕದ ಭಾಗ್ಯನಗರ ದಾಟಿರುತ್ತದೆ.

ಆದ್ದರಿಂದ ಮುಟ್ಟುವುದನ್ನೇ ಗಡಿಯಾಗಿ ಇಟ್ಟುಕೊಂಡ ಕಥೆ ನಮಗೆ ಒಗ್ಗುವುದಿಲ್ಲ. ಗೆಳೆತನದ ಹೆಸರಿನಲ್ಲಿ ಇಲ್ಲಿ ಎಲ್ಲ ಸಲಿಗೆಯೂ ಸಿಗುತ್ತದೆ. ನನಗೆ, ನನ್ನ ಜೊತೆ ಇರುವವಳಿಗೆ ಸಿಕ್ಕಿದ್ದೂ ಅದೇ. ಅವಳು ನರ್ಸ್. ಇಲ್ಲಿ ಅವಳನ್ನು ಸಿಸ್ಟರ್ ಎಂದು ಬರೆಯುತ್ತೇನೆ, ಆಸ್ಪತ್ರೆಯಿಂದ ಹಿಡಿದು ಹಾಲು ಹಾಕುವ ಹುಡುಗನವರೆಗೆ ಎಲ್ಲರೂ ಅವಳನ್ನು ಕರೆಯುವುದು ಹಾಗೆಯೇ. ದುಡಿಯುವ ಇಬ್ಬರು ಹೆಂಗಸರು ಖರ್ಚು ಹಂಚಿಕೊಳ್ಳಲು ಒಟ್ಟಿಗೆ ಮನೆ ಹಿಡಿದಿದ್ದಾರೆ ಎಂಬುದು ಓಣಿಗೆ ಗೊತ್ತಿರುವ ಸಂಗತಿ. ಕೆಳಗಿನ ಮನೆಯ ಆಯಿ ನಮ್ಮನ್ನು ಅಕ್ಕತಂಗಿಯರೆಂದೇ ತಿಳಿದಿದ್ದಳು. ಅಲ್ಲವೆಂದು ಗೊತ್ತಾದ ಮೇಲೂ ಬಾಗಿನ ಕೊಡುವಾಗ ಇಬ್ಬರನ್ನೂ ಕೂಡಿಸಿಯೇ ಕೊಡುತ್ತಾಳೆ. ನಮಗೆ ಹೆದರಿಕೆ ಮುಟ್ಟುವುದರಲ್ಲಿ ಇರಲಿಲ್ಲ. ಯಾರಾದರೂ ಬಾಯಿಬಿಟ್ಟು ಏನಾದರೂ ಕೇಳಿದರೆ ಉತ್ತರ ಕೊಡಬೇಕಾಗುತ್ತದಲ್ಲ, ಅದರಲ್ಲಿತ್ತು.

ಈಗ ಮೆಚ್ಚಿದ್ದು. ಇದು ನಗುವಿಗಿಂತ ದೊಡ್ಡದು. ಕಾದಂಬರಿಯ ನಡುಭಾಗದಲ್ಲಿ ಏನೂ ಆಗದ ಕೆಲವು ಅಧ್ಯಾಯಗಳಿವೆ, ಅಲ್ಲಿ ಲೇಖಕಿಗೆ (ಒಳಗಿನವಳಿಗಲ್ಲ, ನಿಜವಾಗಿ ಪುಸ್ತಕ ಬರೆದವಳಿಗೆ) ಕೈ ಮುಗಿಯಬೇಕು. ಪಶುವೈದ್ಯೆ ರಾತ್ರಿಯೆಲ್ಲ ಒಂದು ಹಸುವಿನ ಹೆರಿಗೆ ಮಾಡಿಸಿ, ತೋಳಿನವರೆಗೆ ಕೆಸರು ರಕ್ತ ಮೆತ್ತಿಕೊಂಡು ಬೆಳಗಿನ ಜಾವ ಮನೆಗೆ ಬರುತ್ತಾಳೆ. ಕರು ಉಳಿದಿಲ್ಲ. ಲೇಖಕಿ ಏನನ್ನೂ ಕೇಳುವುದಿಲ್ಲ. ನೀರು ಕಾಯಿಸಿರುತ್ತಾಳೆ, ಅವಳ ಬೂಟುಗಳನ್ನು ಹೊರಗೆ ತೊಳೆದಿಡುತ್ತಾಳೆ, ಬ್ರೆಡ್ ಸುಟ್ಟು ಕೊಡುತ್ತಾಳೆ. ಆ ಪುಟದಲ್ಲಿ ಪ್ರೀತಿಯ ಮಾತೇ ಇಲ್ಲ. ನನ್ನ ಕಣ್ಣು ಒದ್ದೆಯಾಯಿತು. ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಬಾಗಿಲು ತೆರೆದು ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ. ವಾರ್ಡಿನಲ್ಲಿ ಏನಾದರೂ ಆಗಿದ್ದರೆ ಸಿಸ್ಟರ್ ಚಪ್ಪಲಿ ಬಿಡುವ ಸದ್ದಿನಲ್ಲೇ ಗೊತ್ತಾಗುತ್ತದೆ. ಅವತ್ತು ಮಾತಾಡಬಾರದು. ಚಹಾ ಕೊಟ್ಟು ಸುಮ್ಮನೆ ಅಂಗಡಿಗೆ ಹೋಗಬೇಕು.

ಆ ಅಧ್ಯಾಯಗಳನ್ನು ಓದುವಾಗ, ಇವರಿಬ್ಬರೂ ಪ್ರೇಮಿಗಳಾಗಿ ಎಷ್ಟೋ ವರ್ಷವಾಗಿದೆ, ಕಾದಂಬರಿಗೇ ತಡವಾಗಿ ಗೊತ್ತಾಗುತ್ತಿದೆ ಎನ್ನಿಸಿತು. ಆದರೆ ಪುಸ್ತಕ ಅದನ್ನು ಒಪ್ಪುವುದಿಲ್ಲ. ಗೆಳೆತನವೆಂದರೆ ದೊಡ್ಡದಕ್ಕೆ ಹತ್ತುವ ಮೆಟ್ಟಿಲು ಎಂದೇ ಕೊನೆಯವರೆಗೂ ಸಾಧಿಸುತ್ತದೆ. ‘ಬರೀ ಗೆಳತಿ’ ಎಂಬ ಅರ್ಥದ ಮಾತು ಎಷ್ಟು ಸಲ ಬರುತ್ತದೆಂದರೆ, ನಾನು ಕರಡು ತಿದ್ದುತ್ತಿದ್ದರೆ ಆ ‘ಬರೀ’ಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕುತ್ತಿದ್ದೆ.

ಸುಖಾಂತವನ್ನು ಹೀಗಳೆಯುವವಳು ನಾನಲ್ಲ. ಇಂಥ ಕಥೆಗೆ ಸುಖದ ಕೊನೆ ಪುಕ್ಕಟೆ ಸಿಕ್ಕಿದ್ದಲ್ಲ. ಇ. ಎಂ. ಫಾರ್‌ಸ್ಟರ್ ‘ಮಾರಿಸ್’ ಕಾದಂಬರಿಯನ್ನು ಬರೆಯತೊಡಗಿದ್ದು 1913ರಲ್ಲಿ. ಇಬ್ಬರು ಗಂಡಸರು ಕೊನೆಗೆ ಸುಖವಾಗಿ ಕೂಡುವ ಕಥೆ. ಸುಖಾಂತ ಇರಲೇಬೇಕೆಂದು ಹಟ ಹಿಡಿದು ಬರೆದ ಮನುಷ್ಯ, ಬದುಕಿರುವಾಗ ಅದನ್ನು ಅಚ್ಚು ಮಾಡಿಸಲಿಲ್ಲ. ಅವನು ತೀರಿಕೊಂಡಿದ್ದು 1970ರಲ್ಲಿ, ಪುಸ್ತಕ ಬಂದದ್ದು 1971ರಲ್ಲಿ. ಪೆಟ್ರೀಷಿಯಾ ಹೈಸ್ಮಿತ್ ಇಬ್ಬರು ಹೆಂಗಸರ ಪ್ರೇಮವನ್ನು ಸಾವಿನಲ್ಲೋ ಹುಚ್ಚಿನಲ್ಲೋ ಮುಗಿಸದೆ ‘ದಿ ಪ್ರೈಸ್ ಆಫ್ ಸಾಲ್ಟ್’ ಬರೆದು 1952ರಲ್ಲಿ ಪ್ರಕಟಿಸಿದಳು, ಆದರೆ ಕ್ಲೇರ್ ಮಾರ್ಗನ್ ಎಂಬ ಸುಳ್ಳು ಹೆಸರಿನಲ್ಲಿ. ಅವಳ ಸ್ವಂತ ಹೆಸರಿನಲ್ಲಿ ಆ ಪುಸ್ತಕ ಬರಲು 1990 ಆಗಬೇಕಾಯಿತು. ನಮ್ಮಲ್ಲಿ, ಪಕ್ಕದ ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರ, ಗಂಡಸು ಗಂಡಸನ್ನು ಪ್ರೀತಿಸುವ ಕಥೆಗಳ ‘ಮೋಹನಸ್ವಾಮಿ’ ಪ್ರಕಟಿಸಿದ್ದು 2013ರಲ್ಲಿ, ಸ್ವಂತ ಹೆಸರಿನಲ್ಲಿಯೇ. ಆ ಪುಸ್ತಕ ನನ್ನ ಅಂಗಡಿಯ ಮೇಜಿನ ಮೇಲೆ ಬಹಳ ದಿನ ಇತ್ತು. ಯಾರಾದರೂ ಎತ್ತಿ ನೋಡಿದರೆ ಅವರ ಮುಖ ನೋಡುತ್ತಿದ್ದೆ. ಅದರಲ್ಲಿ ನೋವೇ ಹೆಚ್ಚು, ಇರಬೇಕಾದ್ದೇ. ಆದರೆ ನೋವನ್ನು ಎಷ್ಟು ಅಂತ ಓದುವುದು? ನಮ್ಮಂಥವರ ಕಥೆಯನ್ನು ನಾನು ಮೊದಲು ಓದಿದ್ದು ದಿನಪತ್ರಿಕೆಯ ಒಳಪುಟದಲ್ಲಿ. ಇಬ್ಬರು ಗೆಳತಿಯರು, ಒಬ್ಬಳಿಗೆ ಗೊತ್ತಾದ ಲಗ್ನ, ಒಂದು ಬಾವಿ. ಅಂಥದ್ದನ್ನು ಓದಿ ದೊಡ್ಡವಳಾದವಳಿಗೆ ಕಡಲತೀರದ ಊರೂ ಬೇಕು, ಹಸುವಿನ ಡಾಕ್ಟರೂ ಬೇಕು, ಕೊನೆಯಲ್ಲಿ ಇಬ್ಬರೂ ಕೂಡಿ ನಾಯಿ ಸಾಕುವುದೂ ಬೇಕು. ಅಷ್ಟನ್ನೂ ನಾಚಿಕೆ ಬಿಟ್ಟು ಓದಿದೆ.

ಸಿಟ್ಟು ಬಂದಿದ್ದು ಕೊನೆ ಸುಖವಾಗಿದ್ದಕ್ಕಲ್ಲ, ಅದಕ್ಕೆ ಹಿಡಿದ ದಾರಿಗೆ.

ಲೇಖಕಿ ಇಲ್ಲದ ಹೊತ್ತಿನಲ್ಲಿ ಪಶುವೈದ್ಯೆಯ ಕೈಗೆ ಹಸ್ತಪ್ರತಿ ಸಿಗುತ್ತದೆ. ತನ್ನ ತಾಯಿ ಕುಡಿಯುತ್ತಿದ್ದದ್ದು, ತಾನು ಕರು ಸತ್ತ ದಿನ ಬಚ್ಚಲಿನಲ್ಲಿ ಅತ್ತದ್ದು, ಹಳೆಯ ಗೆಳತಿಯೊಬ್ಬಳು ಬಿಟ್ಟು ಹೋಗುವಾಗ ಆಡಿದ ಮಾತು, ಎಲ್ಲ ಅದರಲ್ಲಿದೆ. ಊರಿನ ಹೆಸರು ಬದಲಾಗಿದೆ, ಹಸು ಕುದುರೆಯಾಗಿದೆ, ಅಷ್ಟೆ. ಅವಳು ಲೇಖಕಿಯನ್ನು ಮನೆ ಬಿಡಿಸುತ್ತಾಳೆ. ಇಲ್ಲಿಯವರೆಗೆ ನಾನು ಅವಳ ಪಕ್ಷ. ಇಂಥ ಕಾದಂಬರಿಗಳಲ್ಲಿ ಮುಕ್ಕಾಲು ಭಾಗ ಮುಗಿದಾಗ ಜಗಳವಾಗಿ ಬೇರೆಯಾಗಬೇಕೆಂಬುದು ಕಟ್ಟಳೆ, ಆದರೆ ಹೆಚ್ಚಿನ ಪುಸ್ತಕಗಳಲ್ಲಿ ಅದು ಏನೋ ತಪ್ಪು ತಿಳಿವಳಿಕೆಯಿಂದ ಆಗುತ್ತದೆ. ಇಲ್ಲಿ ನಿಜವಾದ ಕಾರಣವಿದೆ. ಓದುತ್ತ ನೆಟ್ಟಗೆ ಕುಳಿತೆ. ಈ ಪ್ರಶ್ನೆಯನ್ನು ಹೇಗೆ ಬಿಡಿಸುತ್ತಾರೋ ನೋಡೋಣ ಎಂದುಕೊಂಡೆ.

ಬಿಡಿಸಲಿಲ್ಲ. ಲೇಖಕಿ ಆ ಪುಸ್ತಕವನ್ನು ಪ್ರಕಟಿಸಿಯೇ ಬಿಡುತ್ತಾಳೆ. ಬಿಡುಗಡೆಯ ಸಭೆಯಲ್ಲಿ, ತುಂಬಿದ ಜನರ ಮುಂದೆ, ಹೊಸದಾಗಿ ಸೇರಿಸಿದ ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಾಳೆ. ಅದು ಪಶುವೈದ್ಯೆಗೆ ಬರೆದ ಪ್ರೇಮದ ಒಪ್ಪಿಗೆ. ಹಿಂದಿನ ಸಾಲಿನಲ್ಲಿ ಪಶುವೈದ್ಯೆ ಎದ್ದು ನಿಲ್ಲುತ್ತಾಳೆ. ಚಪ್ಪಾಳೆ. ಮುತ್ತು. ಮತ್ತೆ ಚಪ್ಪಾಳೆ.

ನಮ್ಮ ಸಾಹಿತ್ಯ ಭವನದ ಪುಸ್ತಕ ಬಿಡುಗಡೆಗಳಿಗೆ ನಾನು ಅಕ್ಷರ ಜೋಡಿಸಿದವಳೆಂಬ ಮರ್ಯಾದೆಯಲ್ಲಿ ಹೋಗುತ್ತಿರುತ್ತೇನೆ. ಶಾಲು, ಹಾರ, ಪುಸ್ತಕ ಓದದೆ ಬಂದ ಅತಿಥಿಯ ಮುಕ್ಕಾಲು ಗಂಟೆಯ ಭಾಷಣ, ಕೊನೆಗೆ ಚಹಾ. ಅಲ್ಲಿ ಯಾರಾದರೂ ಹೀಗೆ ಮಾಡಿದರೆ ಎಂದು ಕಲ್ಪಿಸಿಕೊಂಡು ಒಬ್ಬಳೇ ನಕ್ಕೆ. ವಂದನಾರ್ಪಣೆಯವರು ಏನು ಮಾಡಬೇಕು?

ನಗು ನಿಂತ ಮೇಲೆ ನೆನಪಾದದ್ದು ಬೇರೆ. ಕೆಲವು ವರ್ಷಗಳ ಹಿಂದೆ ನಿವೃತ್ತ ಮಾಸ್ತರರೊಬ್ಬರ ಆತ್ಮಕಥೆ ನನ್ನಲ್ಲಿ ಸಿದ್ಧವಾಗುತ್ತಿತ್ತು. ಎರಡನೆಯ ಕರಡು ಒಯ್ಯಲು ಅವರ ಹೆಂಡತಿ ಬಂದರು. ಕುಳಿತಲ್ಲೇ ಪುಟ ತಿರುವುತ್ತಿದ್ದವರು ಒಂದು ಕಡೆ ನಿಂತರು. ತಮ್ಮ ಮೊದಲ ಮಗು ಹೋದ ವರ್ಷ, ತಾವು ತವರಿಗೆ ಹೋಗಿ ಊಟ ಬಿಟ್ಟು ಕುಳಿತದ್ದು, ಯಾರ ಯಾರ ಮೇಲೆ ಏನೇನು ಅಂದದ್ದು, ಎಲ್ಲವನ್ನೂ ಮಾಸ್ತರರು ಬಹಳ ಚೆನ್ನಾಗಿ ಬರೆದಿದ್ದರು. ನಿಜಕ್ಕೂ ಪುಸ್ತಕದ ಒಳ್ಳೆಯ ಭಾಗ ಅದೇ. ‘ಯವ್ವಾ, ಈ ಒಂದು ಹಾಳೆ ತೆಗೆಯಲು ಬರುತ್ತದೇನು?’ ಎಂದು ಕೇಳಿದರು. ಮಾಸ್ತರರನ್ನು ಕೇಳಿ ತೆಗೆಯುತ್ತೇನೆ ಎಂದೆ. ಮಾಸ್ತರರು, ಆತ್ಮಕಥೆಯಲ್ಲಿ ಸತ್ಯ ಮುಚ್ಚಿಡಬಾರದು ಎಂದರು. ಹಾಳೆ ಉಳಿಯಿತು. ಬಿಡುಗಡೆಯ ದಿನ ಮುಂದಿನ ಸಾಲಿನಲ್ಲಿ ಅವರ ಕುರ್ಚಿ ಖಾಲಿ ಇತ್ತು. ಅರ್ಪಣೆಯ ಪುಟದಲ್ಲಿ ಹೆಸರಿತ್ತು, ದಪ್ಪ ಅಕ್ಷರದಲ್ಲಿ, ನಾನೇ ಹಾಕಿದ್ದು.

ಮಾಸ್ತರರ ಸತ್ಯ ಅವರೊಬ್ಬರದೇ ಆಗಿರಲಿಲ್ಲ. ಕಾದಂಬರಿಯ ಲೇಖಕಿಗೂ ನನ್ನ ತಕರಾರು ಇಷ್ಟೇ. ಪ್ರೀತಿಯನ್ನು ಹೇಳಿಕೊಳ್ಳಲಿ, ಮಹಡಿಯಿಂದ ಇಳಿದು ಅಡುಗೆಮನೆಯಲ್ಲಿ ಹೇಳಲಿ. ಗೆಳತಿಯ ತಾಯಿಯ ಕುಡಿತವನ್ನು ಮಾರುಕಟ್ಟೆಗೆ ಕಳುಹಿಸಿ, ಅದನ್ನೇ ಅವಳಿಗೆ ಉಡುಗೊರೆ ಎಂದು ಕೊಟ್ಟರೆ ಅವಳು ಎದ್ದು ನಿಂತು ಮುತ್ತು ಕೊಡಬೇಕೆ? ಸಭೆಯ ನಡುವೆ ಕೇಳಿದ ಪ್ರಶ್ನೆಗೆ ಇಲ್ಲ ಎನ್ನಲು ಜಾಗವೆಲ್ಲಿದೆ? ಪಶುವೈದ್ಯೆ ಹಸ್ತಪ್ರತಿ ಓದಿ ಕೇಳಿದ ಪ್ರಶ್ನೆಗೆ, ‘ನನ್ನನ್ನು ಯಾಕೆ ಕೇಳಲಿಲ್ಲ?’ ಎಂಬುದಕ್ಕೆ, ಪುಸ್ತಕ ಮುಗಿದರೂ ಉತ್ತರ ಬರುವುದಿಲ್ಲ. ಬೇರೆಯಾಗಿದ್ದಕ್ಕೆ ಕೊಟ್ಟ ಕಾರಣ ಅಷ್ಟು ಗಟ್ಟಿಯಾಗಿರುವಾಗ, ಕೂಡಿದ್ದಕ್ಕೆ ಕೊಟ್ಟ ಕಾರಣ ಬರೀ ಚಪ್ಪಾಳೆ.

ಇನ್ನೊಂದು ವಿಚಿತ್ರ. ಆ ಊರಿನಲ್ಲಿ ಯಾರಿಗೂ ಏನೂ ಬೇಸರವಿಲ್ಲ. ಬೇಕರಿಯವನು, ಪಾದ್ರಿ, ಹಸುವಿನ ಮಾಲೀಕ, ಎಲ್ಲರೂ ಇವರಿಬ್ಬರೂ ಯಾವಾಗ ಕೂಡುತ್ತಾರೆಂದು ಕಾಯುತ್ತಿರುತ್ತಾರೆ. ಅಂಥ ಊರು ಪುಸ್ತಕದಲ್ಲಾದರೂ ಇರಲಿ, ನನಗೆ ಸಂತೋಷವೇ. ಆದರೆ ಯಾರಿಗೂ ಬೇಸರವಿಲ್ಲದ ಊರಿನಲ್ಲಿ ವೇದಿಕೆ ಹತ್ತಿ ಹೇಳುವುದನ್ನು ಧೈರ್ಯ ಎಂದು ಹೊಗಳಿದರೆ ಹೇಗೆ? ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು.

ನಮ್ಮ ಸೀಮೆ ಅಷ್ಟು ಸಲೀಸಲ್ಲ, ಹಾಗೆಂದು ಬರೀ ಕತ್ತಲೂ ಅಲ್ಲ. ಹುಣ್ಣಿಮೆಗೆ ಹುಲಿಗಿಗೆ ಹೋದರೆ, ಗಂಡಾಗಿ ಹುಟ್ಟಿ ಅಮ್ಮನ ಹೆಸರಿನಲ್ಲಿ ಹೆಣ್ಣಾಗಿ ಬದುಕುವ ಜೋಗಪ್ಪಗಳು ಚೌಡಿಕೆ ಹಿಡಿದು ಹಾಡುತ್ತಿರುತ್ತಾರೆ, ಜನ ಕೈ ಮುಗಿದು ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಹುಲಿಗೆಮ್ಮನ ಗುಡಿಯಲ್ಲಿಯೇ ಮುತ್ತು ಕಟ್ಟಿಸಿಕೊಂಡು ದೀಕ್ಷೆ ಪಡೆದ ಮಂಜಮ್ಮ ಜೋಗತಿ 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯುವ ಮುನ್ನ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದದ್ದನ್ನು ಕೆಳಗಿನ ಮನೆಯ ಆಯಿ ಟಿವಿಯಲ್ಲಿ ನೋಡಿ ಕಣ್ಣೀರು ಹಾಕಿದಳು. ಅಂದರೆ ಅಮ್ಮನ ಹೆಸರಿದ್ದರೆ, ಹಣೆಯ ಮೇಲೆ ಭಂಡಾರವಿದ್ದರೆ ಒಂದು ಜಾಗವಿದೆ. ಅದಕ್ಕಾಗಿ ಅವರು ಎಷ್ಟು ತೆತ್ತಿದ್ದಾರೆಂಬುದು ಬೇರೆ ಮಾತು. ಯಾವ ದೇವರ ಹೆಸರನ್ನೂ ಹೇಳದೆ, ಸುಮ್ಮನೆ ಅಡುಗೆ ಮಾಡಿಕೊಂಡು, ಗ್ಯಾಸ್ ಬುಕ್ ಮಾಡಿಕೊಂಡು ಇರುವ ಇಬ್ಬರಿಗೆ ಇನ್ನೂ ಜಾಗ ಗೊತ್ತಾಗಿಲ್ಲ. ಗೆಳತಿಯರೆಂಬ ಮರೆಯೇ ನಮ್ಮ ಜಾಗ. ಕಾದಂಬರಿ ಅದನ್ನು ಹೇಡಿತನ ಎಂದು ಹೇಳುವಾಗ ನನಗೆ ಚುರುಕ್ ಎಂದಿತು.

ಕಾನೂನಿನ ಮಾತನ್ನೂ ಆಡಬೇಕು, ಏಕೆಂದರೆ ಕಾದಂಬರಿ ಮುಗಿಯುವುದು ಮದುವೆಯ ಹೊಸ್ತಿಲಲ್ಲಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನಿಂದ ನಮ್ಮಂಥವರನ್ನು ಬಿಡಿಸಿತು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ, ಮದುವೆಯ ಹಕ್ಕನ್ನು ತಾನು ಕೊಡಲಾಗದು, ಅದು ಶಾಸನಸಭೆಯ ಕೆಲಸ ಎಂದಿತು. ಆಗ ನವರಾತ್ರಿ ನಡೆದಿತ್ತು. ದೇವಿ ಪುರಾಣ ಪ್ರವಚನದ ಕರಪತ್ರ ಜೋಡಿಸುತ್ತ ಮೊಬೈಲಿನಲ್ಲಿ ತೀರ್ಪಿನ ಸುದ್ದಿ ಓದುತ್ತಿದ್ದೆ. ಸಿಸ್ಟರ್‌ಗೆ ಫೋನ್ ಮಾಡಿದರೆ, ‘ಬರುವಾಗ ಕೊತ್ತಂಬರಿ ತಾ’ ಎಂದಳು. 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ನಮ್ಮಂಥವರು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿತು. ನಾವು ಅದಕ್ಕೂ ಮೊದಲೇ ಬ್ಯಾಂಕಿನಲ್ಲಿ ಒಬ್ಬರಿಗೊಬ್ಬರು ನಾಮಿನಿ. ಸಂಬಂಧ ಎಂಬ ಅಂಕಣದಲ್ಲಿ ಗೆಳತಿ ಎಂದು ಬರೆದಿದ್ದೆವು. ಆ ಅಂಕಣ ತುಂಬುವಾಗ ಸಿಸ್ಟರ್ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತದ್ದನ್ನು ನಾನು ನೋಡಿದ್ದೇನೆ. ಆ ಸ್ವಲ್ಪ ಹೊತ್ತಿನ ಬಗ್ಗೆ ಒಂದು ಕಾದಂಬರಿ ಬರೆದರೆ ನಾನು ಪುಕ್ಕಟೆ ಬೆರಳಚ್ಚು ಮಾಡಿಕೊಡುತ್ತೇನೆ.

ಸಿಸ್ಟರ್ ಇಂಗ್ಲಿಷ್ ಕಾದಂಬರಿ ಓದುವವಳಲ್ಲ. ಅಕ್ಕಿ ಆರಿಸುತ್ತ ಕುಳಿತಾಗ ನಾನೇ ಕಥೆ ಹೇಳಿದೆ. ಕರು ಸತ್ತ ಭಾಗವನ್ನು ಎರಡು ಸಲ ಹೇಳಿಸಿಕೊಂಡಳು, ಡಾಕ್ಟರ್ ಕೈ ತೊಳೆದ ರೀತಿ ಸರಿಯಿಲ್ಲ ಎಂದಳು. ಲೇಖಕಿ ಮಹಡಿಯ ಕೋಣೆಯಲ್ಲಿ ಎಂಟು ತಿಂಗಳು ಇದ್ದಳು ಎಂದಾಗ, ‘ಬಾಡಿಗೆ ಕೊಟ್ಟಳೇನು?’ ಎಂದು ಕೇಳಿದಳು. ನಾನು ಹಿಂದೆ ತಿರುಗಿ ಹುಡುಕಿದೆ. ಬಾಡಿಗೆಯ ಮಾತೇ ಇಲ್ಲ. ಅಲ್ಲಿಗೆ ಲೇಖಕಿಯ ವಿಷಯದಲ್ಲಿ ಅವಳ ತೀರ್ಮಾನ ಮುಗಿಯಿತು.

ಈ ಬರಹವನ್ನು ಅವಳಿಗೆ ಓದಿ ಹೇಳಿಯೇ ಹಾಕುತ್ತಿದ್ದೇನೆ. ಬ್ಯಾಂಕಿನ ಮಾತು ಇರಲಿ ಎಂದಳು. ಅವಳ ತವರಿನ ಬಗ್ಗೆ ಒಂದು ಪ್ಯಾರಾ ಇತ್ತು, ನನ್ನ ಪ್ರಕಾರ ಈ ಬರಹದಲ್ಲಿಯೇ ಚೆನ್ನಾಗಿ ಬಂದಿದ್ದ ಪ್ಯಾರಾ, ಅದನ್ನು ತೆಗೆ ಎಂದಳು. ತೆಗೆದೆ. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆಮೇಲೆ, ನಾನೂ ಹಾಗೆ ಸಾಹಿತ್ಯ ಭವನದ ವೇದಿಕೆ ಹತ್ತಿ ನಿನ್ನ ಹೆಸರು ಹೇಳಿದರೆ ಏನು ಮಾಡುತ್ತೀ ಎಂದು ಕೇಳಿದೆ. ಅಕ್ಕಿಯ ಮೊರದಿಂದ ತಲೆ ಎತ್ತದೆ, ‘ಯಾವ ದಿನ ಎಂದು ಮೊದಲೇ ಹೇಳು, ರಾತ್ರಿ ಪಾಳಿ ಹಾಕಿಸಿಕೊಳ್ಳುತ್ತೇನೆ’ ಎಂದಳು.